ಅತ್ತೆಯ ಚಿನ್ನೋಡು ಮತ್ತು ಒಂದು ಪಾಯಿಂಟು

ನಮ್ಮ ಸೋದರತ್ತೆಯಷ್ಟು ದೊಡ್ಡ ಮೋಟಾರ್‌ಸೈಕಲ್ ರೇಸಿನ ಅಭಿಮಾನಿ ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಆದರೆ ರೇಸಿನಲ್ಲಿ ಗೆದ್ದವರು ಯಾರು ಎಂದು ಕೇಳಿ ನೋಡಿ, ಅವರಿಗೆ ಗೊತ್ತಿರುವುದಿಲ್ಲ! ಗೊತ್ತಿಲ್ಲ ಎನ್ನುವುದಕ್ಕಿಂತ, ಬೇಕಾಗಿಲ್ಲ.

“ಗೆದ್ದೋನ್ನ ನೋಡೋಕೆ ಪ್ರಪಂಚಾನೇ ಇದೆ ಕಣೇ, ನಾನ್ಯಾಕೆ?” ಎನ್ನುತ್ತಾರೆ. ಅತ್ತೆ ನೋಡುವುದು ಕೊನೆಯವನನ್ನು.

ನಾನು ಕಾಲೇಜಿಗೆಂದು ಕುರುಡುಮಲೆ ಹತ್ತಿರದ ಅವರ ಮನೆಯಲ್ಲಿದ್ದೇನೆ. ನನಗೆ ದಿನಚರಿ ಬರೆಯುವ ಚಟ. ತಾರೀಖು ಹಾಕಿ, ಗೆರೆ ಎಳೆದು, ಈ ವಾರ ಎಷ್ಟು ಬಸ್ಸು ತಪ್ಪಿದವು, ಮಾವ ಎಷ್ಟು ಸಲ ಕನ್ನಡಕ ಕಳೆದುಕೊಂಡರು ಎಂಬುದನ್ನೆಲ್ಲ ಬರೆದಿಡುತ್ತೇನೆ. ಅತ್ತೆಯ ಹುಚ್ಚು ಶುರುವಾದ ಭಾನುವಾರವೂ ಅದರಲ್ಲಿದೆ. ನಾನು ಟಿವಿಯಲ್ಲಿ ಗ್ರ್ಯಾಂಡ್ ಪ್ರಿ ರೇಸ್ ಹಾಕಿಕೊಂಡು ಕೂತಿದ್ದೆ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತು ರೇಷ್ಮೆಯ ಹುಳುಮನೆಗೆ ಹೊರಟಿದ್ದ ಅತ್ತೆ ಬಾಗಿಲಲ್ಲೇ ನಿಂತರು.

“ಆ ಎಡಗಡೆ ಪಟ್ಟಿ ಏನೇ?”

“ಯಾರು ಎಷ್ಟನೇ ಸ್ಥಾನದಲ್ಲಿದ್ದಾರೆ ಅಂತ.”

“ಎಲ್ಲಾರಿಗಿಂತ ಕೆಳಗಿದಾನಲ್ಲ, ಅವನ್ಯಾರು?”

“ಯಾರೋ ಅತ್ತೆ.”

“ಯಾರೋ ಅಂದ್ರೆ? ಅವನ್ನೂ ಸ್ವಲ್ಪ ತೋರಿಸ್ರೋ ಅನ್ನು!”

ಯಾರಿಗೆ ಅನ್ನಲಿ? ಕ್ಯಾಮೆರಾ ಯಾವಾಗಲೂ ಮುಂದಿನ ಮೂರ್ನಾಲ್ಕು ಜನರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಕೊನೆಯವನು ನಮ್ಮ ಪಾಲಿಗೆ ಪಟ್ಟಿಯ ತಳದಲ್ಲಿರುವ ಮೂರು ಇಂಗ್ಲಿಷ್ ಅಕ್ಷರ ಅಷ್ಟೇ. ಆ ಮೂರು ಅಕ್ಷರಕ್ಕೆ ಅತ್ತೆ ಅಂದೇ ನಾಮಕರಣ ಮಾಡಿದರು: ಚಿನ್ನೋಡು. ತೆಲುಗಿನಲ್ಲಿ ಚಿಕ್ಕವನು ಎಂದರ್ಥ. ನಮ್ಮತ್ತೆಗೆ ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು.

ಮೊದಲ ಹದಿನೈದು ಜನಕ್ಕೆ ಮಾತ್ರ ಪಾಯಿಂಟು ಸಿಗುತ್ತದೆ, ಹದಿನೈದನೆಯವನಿಗೆ ಒಂದೇ ಒಂದು ಎಂದು ನಾನು ವಿವರಿಸಿದೆ. ಅಲ್ಲಿಂದ ಅತ್ತೆಗೆ ಆ ಒಂದು ಪಾಯಿಂಟಿನದೇ ಧ್ಯಾನ. ನನ್ನ ದಿನಚರಿಯಲ್ಲಿ ಚಿನ್ನೋಡಿಗೆ ಒಂದು ಪುಟ ಕೊಡಬೇಕಾಯಿತು. ಹತ್ತೊಂಬತ್ತು, ಇಪ್ಪತ್ತು, ಬಿದ್ದ, ಹತ್ತೊಂಬತ್ತು, ಮತ್ತೆ ಬಿದ್ದ. ಪಾಯಿಂಟಿನ ಕಡೆಗೆ ಉದ್ದಕ್ಕೂ ಸೊನ್ನೆ, ಒಳ್ಳೆ ಕೋಡುಬಳೆ ಜೋಡಿಸಿಟ್ಟ ಹಾಗೆ! ಕೊನೆಗೆ ಅತ್ತೆ ಕುರುಡುಮಲೆಯ ಎರಡಾಳೆತ್ತರದ ಗಣಪತಿಗೆ ಈಡುಗಾಯಿ ಹರಸಿಕೊಂಡರು.

“ಒಂದೇ ಪಾಯಿಂಟು ಯಾಕತ್ತೆ? ಗೆಲ್ಲಲಿ ಅಂತಾನೇ ಕೇಳಬಹುದಲ್ಲ?”

“ಅಷ್ಟು ದೊಡ್ಡ ಗಣಪ್ಪ ಅಂತ ಅಷ್ಟು ದೊಡ್ಡದು ಕೇಳೋಕಾಗುತ್ತಾ? ಮಿಕ್ಕಿದ ಹುಡುಗ್ರ ಮನೇಲೂ ದೇವ್ರಿರಲ್ವಾ?”

ಇನ್ನು ಮೊಪೆಡ್ ಪ್ರಕರಣ. ಮುಂದೆ ಸೊಪ್ಪಿನ ಹೊರೆ, ನಡುವೆ ಮಾವ, ಹಿಂದೆ ಒಂದು ಪಕ್ಕಕ್ಕೆ ಕೂತ ಅತ್ತೆ. ಕೆರೆಕಟ್ಟೆಯ ತಿರುವು ಬಂತು. “ವಾಲ್ರೀ, ರೇಸಿನವರ ಥರ! ಮೊಣಕಾಲು ನೆಲಕ್ಕೆ ತಾಗ್ಬೇಕು!” ಎಂದು ಕೂಗಿದ ಅತ್ತೆ ಮಾವನನ್ನು ಕಾಯದೆ ತಾವೇ ವಾಲಿದರು. ಮೊಪೆಡ್ ರಾಗಿ ಹೊಲಕ್ಕಿಳಿಯಿತು. ಮಾವನ ಮೊಣಕಾಲು ನಿಜಕ್ಕೂ ನೆಲಕ್ಕೆ ತಾಗಿತು. ಮೂಗೂ ತಾಗಿತು! ಸೊಪ್ಪಿನ ರಾಶಿಯಿಂದ ತಲೆ ಹೊರಹಾಕಿ ಮಾವ ಹೇಳಿದರು: “ನಿನ್ನ ಚಿನ್ನೋಡು ಯಾಕೆ ಕೊನೇಗೆ ಬರ್ತಾನೆ ಅಂತ ಈಗ ಗೊತ್ತಾಯ್ತು ಕಣೇ. ಹಿಂದೆ ಯಾರನ್ನೋ ಕೂರಿಸ್ಕೊಂಡಿರ್ತಾನೆ!”

ಹುಳುಮನೆಯಲ್ಲೂ ಅತ್ತೆಯದು ಇದೇ ಕಾನೂನು. ಪ್ರತಿ ಬೆಳೆಯಲ್ಲೂ ಒಂದಷ್ಟು ರೇಷ್ಮೆಹುಳು ಹಿಂದೆ ಬೀಳುತ್ತವೆ. ಜೊತೆಯವು ದಪ್ಪಗಾಗಿದ್ದರೂ ಅವು ಸಣ್ಣಗೇ ಇರುತ್ತವೆ. ಊರಿನವರೆಲ್ಲ ಅವನ್ನು ಆರಿಸಿ ಎಸೆಯುತ್ತಾರೆ. ಅತ್ತೆ ಆರಿಸಿ, ಮೂಲೆಯ ಒಂದು ತಟ್ಟೆಯಲ್ಲಿಟ್ಟು ಎಳೆಸೊಪ್ಪು ಹಾಕುತ್ತಾರೆ.

“ಬಿಸಾಕೇ. ಒಂದು ಬೊಗಸೆ ಗೂಡು ಬರಲ್ಲ ಅದರಿಂದ,” ಎಂದು ಮಾವ ಪ್ರತಿ ಸಲವೂ ಹೇಳುತ್ತಾರೆ.

“ನೀವೂ ಮದುವೆ ದಿನದಿಂದ ಎಲ್ಲಾದಕ್ಕೂ ನಿಧಾನಾನೇ. ಬಿಸಾಕಿದೀನಾ?”

ಮಾವ ಎಳೆಸೊಪ್ಪು ತರಲು ಹೊರಟರು.

ಆ ವರ್ಷದ ಕೊನೆಯ ರೇಸು ಬಂತು. ಜೊತೆಗೊಂದು ಕೆಟ್ಟ ಸುದ್ದಿ: ಮುಂದಿನ ವರ್ಷ ಚಿನ್ನೋಡನ್ನು ಅವನ ತಂಡ ಇಟ್ಟುಕೊಳ್ಳುವುದಿಲ್ಲ. ಇದೇ ಅವನ ಕೊನೆಯ ರೇಸು. ಫೋನಿನಲ್ಲಿ ನಾನು ಓದಿ ಹೇಳಿದಾಗ ಅತ್ತೆ ಅಂದು ಕಾಫಿಯನ್ನೇ ಕುಡಿಯಲಿಲ್ಲ. “ಒಂದು ಪಾಯಿಂಟೂ ಇಲ್ದೆ ಮನೆಗೆ ಹೋಗ್ತಾನಾ?”

ಆ ಭಾನುವಾರ ನಮ್ಮಲ್ಲಿ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು, ಮೈ ಹಳದಿಗಟ್ಟಿ, ಕತ್ತೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ತಕ್ಷಣ ಆರಿಸಿ, ಬಿದಿರಿನ ಸುರುಳಿಗಳ ಚಾಪೆಯಂಥ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯ ಪಾಲು. ಬೆಳಗಿನಿಂದ ಬಗ್ಗಿ ಬಗ್ಗಿ ಆರಿಸಿ ಮುಗಿಸಿದೆವು. ಮೂಲೆಯ ತಟ್ಟೆಯೊಂದು ಮಾತ್ರ ಇನ್ನೂ ತಿನ್ನುತ್ತಲೇ ಇತ್ತು. ಸಂಜೆ ಅತ್ತೆ ಕೈಕಾಲು ತೊಳೆದು ಟಿವಿ ಮುಂದೆ ಕೂತರು.

ಅಲ್ಲಿ ಮಳೆ! ಟ್ರ್ಯಾಕ್ ಎಣ್ಣೆ ಸುರಿದಂತೆ ಜಾರುತ್ತಿತ್ತು. ಒಬ್ಬ ಬಿದ್ದ. “ಅಯ್ಯೋ ನಾಯನಾ, ಪೆಟ್ಟಾಯ್ತೇನೋ!” ಎಂದು ಅತ್ತೆ ಎದೆ ಹಿಡಿದುಕೊಂಡರು. ಅವನು ಎದ್ದು ನಿಂತ ಮೇಲೆ ಮೆಲ್ಲಗೆ ಕೇಳಿದರು: “ಚಿನ್ನೋಡು ಈಗ ಎಷ್ಟನೆಯವನು?” ಹದಿನೆಂಟು. ಇನ್ನೊಬ್ಬ ಜಾರಿದ. ಹದಿನೇಳು! ಇನ್ನು ಆರು ಸುತ್ತು. “ರಾ ನಾಯನಾ, ರಾ!” ಎಂದು ಅವನನ್ನು ಕರೆಯುತ್ತ ಅತ್ತೆ ಕುರ್ಚಿಯ ತುದಿಗೆ ಬಂದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಮಾವ. “ಲೇ, ಮೂಲೆ ತಟ್ಟೆ ಹಣ್ಣಾಯ್ತು. ಎಲ್ಲಾ ಕತ್ತೆತ್ತಿವೆ.” ಅತ್ತೆಯ ಮುಖ ನೋಡಿ ಅವರೇ ಸೇರಿಸಿದರು: “ಹೋಗ್ಲಿ ಬಿಡು. ಒಂದು ತಟ್ಟೆ ತಾನೇ? ನೀನು ರೇಸು ನೋಡು.”

ಅತ್ತೆ ಟಿವಿ ನೋಡಿದರು. ಬಾಗಿಲು ನೋಡಿದರು.

“ಅವನಿಗಾದ್ರೆ ಇಂಜಿನ್ ಇದೆ. ಇವಕ್ಕೆ ಯಾರಿದಾರೆ?” ಎಂದು ಎದ್ದೇಬಿಟ್ಟರು. “ನೀನು ನೋಡಿ ನೋಡಿ ಬಂದು ಹೇಳು!”

ನಿಜವಾದ ರೇಸು ಶುರುವಾದದ್ದು ಆಗ! ಟಿವಿಯಿಂದ ಹುಳುಮನೆಗೆ, ಹುಳುಮನೆಯಿಂದ ಟಿವಿಗೆ ಅಂಗಳದ ತುಂಬ ನನ್ನ ಓಟ. ಎರಡನೇ ಸಲಕ್ಕೇ ನನಗೆ ಏದುಸಿರು. ಆಗ ಮಾವ ಅಂಗಳದ ನಡುವೆ ನಿಂತು, “ನೀನು ಅಲ್ಲಿಂದಲೇ ಕೂಗೇ, ನಾನು ದಾಟಿಸ್ತೀನಿ!” ಎಂದರು.

“ಹದಿನಾರು!” ಎಂದು ನಾನು ಕೂಗಿದೆ.

“ಹದಿನಾರಂತೆ ಕಣೇ!” ಎಂದು ಮಾವ.

“ಬಿಡ್ಬೇಡ ಅನ್ನು ಅವನಿಗೆ!” ಎಂದು ಒಳಗಿನಿಂದ ಅತ್ತೆ.

ಕೊನೆಯ ಸುತ್ತು. ಕೊನೆಯ ತಿರುವಿನಲ್ಲಿ ಯಾರದೋ ಬೈಕು ಜಾರಿ ಮರಳಿಗೆ ಹೋಯಿತು. ಪಟ್ಟಿಯಲ್ಲಿ ಆ ಮೂರು ಅಕ್ಷರ ಒಂದು ಮೆಟ್ಟಿಲು ಮೇಲೆ ಹತ್ತಿದವು. “ಹದಿನೈದು! ಮಾವಾ, ಹದಿನೈದು!” ಮಾವ ಎಸೆದ ಟವೆಲ್ಲು ಇವತ್ತಿಗೂ ತೆಂಗಿನ ಗರಿಯಲ್ಲಿ ನೇತಾಡುತ್ತಿದೆ.

ಆಗ ಒಂದು ವರ್ಷದಲ್ಲಿ ಆಗದೇ ಇದ್ದದ್ದು ಆಯಿತು. ಕ್ಯಾಮೆರಾ ಗೆದ್ದವನನ್ನು ಬಿಟ್ಟು ಚಿನ್ನೋಡಿನ ಕಡೆ ತಿರುಗಿತು! ಅವನ ಮೆಕ್ಯಾನಿಕ್ಕುಗಳು ಅವನನ್ನು ತಬ್ಬಿ ಕುಣಿಯುತ್ತಿದ್ದರು. ಅವನು ಹೆಲ್ಮೆಟ್ ತೆಗೆದ. “ಅತ್ತೆ, ಬಾ ಬೇಗ! ತೋರಿಸ್ತಿದಾರೆ!” ಎಂದು ಕಿರುಚಿದೆ. ಅತ್ತೆ ಬರಲಿಲ್ಲ. ಕ್ಷಣದಲ್ಲೇ ಕ್ಯಾಮೆರಾ ಗೆದ್ದವನ ಬಳಿಗೆ ವಾಪಸ್ಸಾಯಿತು.

ಹುಳುಮನೆಗೆ ಓಡಿದೆ. ತಟ್ಟೆಯ ಕೊನೆಯ ಹುಳುಗಳು ಅತ್ತೆಯ ಅಂಗೈಯಲ್ಲಿದ್ದವು.

“ನೋಡಿದ್ಯಾ? ಹೇಗಿದಾನೆ?”

“ಅವನು ಚಿನ್ನೋಡೇನಲ್ಲ ಅತ್ತೆ. ಮಾವನ ಥರ ಬಕ್ಕತಲೆ, ಗಡ್ಡ ನರೆತಿದೆ!”

ಅತ್ತೆ ಗೊಳ್ಳೆಂದು ನಕ್ಕರು. ಆಮೇಲೆ ಕೇಳಿದರು: “ಅತ್ನಾ?”

“ಹೂಂ. ಹೆಲ್ಮೆಟ್ ತಬ್ಕೊಂಡು.”

“ಅವರಮ್ಮ ಬಂದಿದ್ಳಾ?”

“ತೋರಿಸ್ಲಿಲ್ಲ ಅತ್ತೆ.”

“ಬಂದಿರ್ತಾಳೆ ಬಿಡು. ಹಿಂದೆ ಎಲ್ಲೋ ನಿಂತಿರ್ತಾಳೆ.”

ಹುಳು ಹಿಡಿದ ಕೈ ಮುಖಕ್ಕೆ ತಾಗಿಸುವಂತಿಲ್ಲ.

“ಲೇ, ಈ ಸೆರಗು ತಗೊಂಡು ನನ್ನ ಕಣ್ಣು ಒರಸೇ.”

ಒರೆಸಿದೆ. ಅತ್ತೆ ಅಂಗೈಯನ್ನು ಚಂದ್ರಿಕೆಗೆ ಒತ್ತಿ ಹಿಡಿದೇ ಇದ್ದರು. ಹುಳುಗಳು ಒಂದೊಂದಾಗಿ ಹತ್ತಿದವು. ಎಲ್ಲಕ್ಕಿಂತ ಸಣ್ಣದೊಂದು ಅಂಗೈಯಲ್ಲೇ ಉಳಿದು, ಕತ್ತೆತ್ತಿ ಆ ಕಡೆ ಈ ಕಡೆ ನೋಡುತ್ತಿತ್ತು. ಅದು ಹತ್ತುವವರೆಗೂ ಅತ್ತೆ ಕೈ ಅಲ್ಲಾಡಿಸಲಿಲ್ಲ.