ಮಿನ್ನುವಿನ ತುರಿಕೆಯೂ ನನ್ನ ತನಿಖೆಯೂ

ಮಡಂತ್ಯಾರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಉಂಟು. ಇಪ್ಪತ್ತು ವರ್ಷಗಳಿಂದ ಊರವರ ದೃಷ್ಟಿದೋಷ ಹುಡುಕುತ್ತಾ ಬಂದವನಿಗೆ ಒಂದು ಬೆಕ್ಕಿನ ಚರ್ಮದೋಷ ಹುಡುಕುವುದು ಯಾವ ದೊಡ್ಡ ಕೆಲಸ ಎಂದು ನಾನು ನಂಬಿದ್ದೆ.

ಬೆಕ್ಕಿನ ಹೆಸರು ಮಿನ್ನು. ಬಿ.ಸಿ.ರೋಡಿನ ನಮ್ಮ ಎರಡನೇ ಮಹಡಿಯ ಫ್ಲ್ಯಾಟಿನಿಂದ ಅದು ಹೊರಗೆ ಕಾಲಿಟ್ಟದ್ದೇ ಇಲ್ಲ. ಅದಕ್ಕೆ ನನ್ನ ಹೆಂಡತಿ ವಿನಯಾ ಎಂದರೆ ಪ್ರಾಣ. ನಾನು ಮನೆಯ ಇನ್ನೊಂದು ಕುರ್ಚಿ. ಅಲ್ಲ, ಕುರ್ಚಿಯ ಮೇಲಾದರೂ ಅದು ಕೂರುತ್ತದೆ.

ಬಂಗುಡೆ ಮೀನಿನ ನಡುವಿನ ತುಂಡು ಮಿನ್ನುವಿಗೆ, ಬಾಲದ ತುಂಡು ನನಗೆ. ವಿನಯಾ ಶಾಲೆಯಲ್ಲಿ ಟೀಚರು. ನನಗೆ ಜ್ವರ ಬಂದಾಗ "ಗಂಜಿ ಮುಚ್ಚಿಟ್ಟಿದ್ದೇನೆ" ಎಂದು ಚೀಟಿ ಬರೆದಿಟ್ಟು ಹೋದವಳು, ಮಿನ್ನು ಎರಡು ಸಲ ಸೀನಿದಾಗ ರಜೆ ಹಾಕಿದಳು. ನನಗೆ ಹೊಟ್ಟೆಕಿಚ್ಚು ಇತ್ತೇ? ಇತ್ತು. ಐವತ್ತೆರಡನೇ ವಯಸ್ಸಿನಲ್ಲಿ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಳಿಕೊಳ್ಳುವ ವಿಷಯವಲ್ಲ. ಹಾಗಾಗಿ ಹೇಳಿಕೊಂಡಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಿನ್ನು ಕೆರೆದುಕೊಳ್ಳಲು ಶುರು ಮಾಡಿತು. ಮೊದಲು ಕುತ್ತಿಗೆ, ಆಮೇಲೆ ಬಾಲದ ಬುಡ. ಕೂದಲು ಉದುರಿ ಕೆಂಪು ಚರ್ಮ ಕಾಣಿಸಿತು. ವಿನಯಾಳಿಗೆ ಊಟ ಸೇರದಾಯಿತು. ರೋಗದ ಮೂಲ ಕಂಡುಹಿಡಿದರೆ ಇಬ್ಬರ ಪ್ರೀತಿಯೂ ಒಂದೇ ಏಟಿಗೆ ನನ್ನದು ಎಂದುಕೊಂಡೆ.

"ನಾನು ನೋಡ್ತೇನೆ," ಅಂದೆ.

"ನೀವು ಸುಮ್ಮನಿರಿ ಮಾರಾಯ್ರೆ. ಡಾಕ್ಟ್ರ ಹತ್ತಿರ ಹೋಗುವ."

"ಒಂದು ವಾರ ಕೊಡು."

ಅಂಗಡಿಯ ಭೂತಗನ್ನಡಿ ತಂದು ಪರೀಕ್ಷಿಸಿದೆ. ಒಂದು ಹುಳವೂ ಕಾಣಲಿಲ್ಲ. ಆದಕಾರಣ ದೋಷ ಮೀನಿನದ್ದೇ ಎಂದು ಘೋಷಿಸಿ ಮಿನ್ನುವಿನ ಬಂಗುಡೆ ನಿಲ್ಲಿಸಿದೆ. ಈ ತೀರ್ಮಾನದಲ್ಲಿ ವೈದ್ಯಶಾಸ್ತ್ರ ಎಷ್ಟಿತ್ತು, ನಡುವಿನ ತುಂಡಿನ ಆಸೆ ಎಷ್ಟಿತ್ತು ಎಂದು ಈಗ ಹೇಳುವುದು ಕಷ್ಟ. ಮಿನ್ನು ಮೊಸರನ್ನ ಮೂಸಿ ನೋಡಿ, ನೇರ ಹೋಗಿ ನನ್ನ ಚಪ್ಪಲಿಯ ಮೇಲೆ ಉಚ್ಚೆ ಹೊಯ್ದಿತು. ತುರಿಕೆ ಹೆಚ್ಚಾಯಿತು.

ನಾಲ್ಕನೇ ದಿನ, ವಿನಯಾ ಶಾಲೆಯಲ್ಲಿದ್ದಾಗ, ಬೇವಿನೆಣ್ಣೆ ತಂದೆ. ಎಣ್ಣೆ ಕುತ್ತಿಗೆಗೆ ತಾಗಿದ್ದೇ ತಡ, ಮಿನ್ನು ನನ್ನ ಕೈ ಪರಚಿ, ಇಸ್ತ್ರಿ ಮಾಡಿಟ್ಟ ಆರು ಸೀರೆಗಳ ಮೇಲೆ ಓಡಿ, ವಾಷಿಂಗ್ ಮೆಷಿನ್ನಿನ ಹಿಂದೆ ಸೇರಿಕೊಂಡಿತು. ಸಂಜೆ ವಿನಯಾ ಬಂದಾಗ ಮೆಷಿನ್ನಿನ ಹಿಂದೆ ಜೊಲ್ಲು ಸುರಿಸುವ ಬೆಕ್ಕು, ಮುಂದೆ ಕೈಗೆ ಬಟ್ಟೆ ಸುತ್ತಿಕೊಂಡ ಗಂಡ. ಅವಳು ಬೆಕ್ಕಿನ ಹತ್ತಿರ ಕೂತು ಅತ್ತಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಮೂಡುಬಿದಿರೆಯ ಪಶುವೈದ್ಯೆಯ ಹತ್ತಿರ ಹೊರಟೆವು. ಬಸ್ಸಿನಲ್ಲಿ ಒಂದೇ ಸೀಟು ಖಾಲಿ. ಬೆಕ್ಕಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ವಿನಯಾ ಕೂತಳು. ಸಿದ್ಧಕಟ್ಟೆಯಲ್ಲಿ ಅವಳ ಪಕ್ಕದ ಸೀಟು ಖಾಲಿಯಾಯಿತು. ಅದರಲ್ಲಿ ಬುಟ್ಟಿ ಇಟ್ಟಳು.

"ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಈ ಎಣ್ಣೆ ಹಚ್ಚಿದ ಬುದ್ಧಿವಂತರು ಯಾರು?" ಎಂದರು ಡಾಕ್ಟರಮ್ಮ. ನಾನು ಗೋಡೆ ನೋಡಿದೆ.

ಅವರು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿದರು. ಹತ್ತಿ ಕೆಂಪಾಯಿತು.

"ಚಿಗಟದ ಹಿಕ್ಕೆ. ಅದು ಕುಡಿದ ರಕ್ತವೇ ಇದು. ಚಿಗಟಗಳನ್ನು ಬೆಕ್ಕು ನೆಕ್ಕಿ ನುಂಗಿರುತ್ತದೆ, ಅದಕ್ಕೇ ನಿಮಗೆ ಕಂಡಿಲ್ಲ. ಇದಕ್ಕೆ ಆ ಕಡಿತದ ಅಲರ್ಜಿ ಉಂಟು. ಹೊರಗೆ ಹೋಗ್ತದಾ?"

"ಬಾಲ್ಕನಿಗೂ ಬಲೆ ಹಾಕಿಸಿದ್ದೇವೆ ಡಾಕ್ಟ್ರೆ," ಎಂದಳು ವಿನಯಾ.

"ಹಾಗಾದರೆ ಮನೆಯವರ ಬಟ್ಟೆಯಲ್ಲಿ ಬಂದಿರಬೇಕು. ಬೇರೆ ಬೆಕ್ಕು, ನಾಯಿ ಮುಟ್ಟುವವರು ಯಾರಾದರೂ ಉಂಟಾ?"

ನಾನು ಮತ್ತೆ ಗೋಡೆ ನೋಡಿದೆ. ಈ ಸಲ ವಿನಯಾ ನನ್ನನ್ನು ನೋಡುತ್ತಿದ್ದಳು.

ಒಪ್ಪಿಕೊಳ್ಳಬೇಕಾಯಿತು. ಎರಡು ತಿಂಗಳಿಂದ ಮಧ್ಯಾಹ್ನ ನನ್ನ ಅಂಗಡಿಗೆ ಒಂದು ಬೀದಿ ಬೆಕ್ಕು ಬರುತ್ತಿತ್ತು. ನನ್ನ ತೊಡೆಯ ಮೇಲೇ ಮಲಗುತ್ತಿತ್ತು. ಜಗತ್ತಿನಲ್ಲಿ ಒಂದಾದರೂ ಬೆಕ್ಕು ನನ್ನನ್ನು ಮೆಚ್ಚಿತಲ್ಲ ಎಂದು ಟಿಫಿನ್ನಿನಲ್ಲಿದ್ದ ಮೀನು ಹಂಚಿಕೊಳ್ಳುತ್ತಿದ್ದೆ.

"ನಾನು ಹುರಿದು ಕೊಟ್ಟ ಮೀನಾ?"

"ಅರ್ಧ ಮಾತ್ರ."

"ಗಂಡಾ, ಹೆಣ್ಣಾ?"

"ಹೆಣ್ಣು."

"ಹೆಸರು ಬೇರೆ ಇಟ್ಟಿದ್ದೀರಾ?"

"ಸುಂದರಿ," ಅಂದೆ.

ಡಾಕ್ಟರಮ್ಮ ತಲೆಯೆತ್ತದೆ ಚೀಟಿ ಬರೆದರು. ಮಿನ್ನುವಿನ ಕುತ್ತಿಗೆಗೆ ಔಷಧದ ಹನಿ, ಮನೆಯ ಹಾಸಿಗೆ, ಹೊದಿಕೆಯೆಲ್ಲ ಬಿಸಿನೀರಲ್ಲಿ ಒಗೆಯುವುದು, ಅಂಗಡಿಯ ಬೆಕ್ಕಿಗೂ ಅದೇ ಹನಿ. ಒಗೆಯುವ ಕೆಲಸ ಯಾರದ್ದೆಂದು ಚೀಟಿಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ವಿನಯಾ "ಸುಂದರಿಯಂತೆ, ಸುಂದರಿ" ಎಂದು ಎರಡು ಸಲ ಗೊಣಗಿದಳು. ನಮ್ಮ ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳಿಗೆ ಹೊಟ್ಟೆಕಿಚ್ಚಾಗಿದೆ ಎಂದು ಒಳಗೊಳಗೇ ನನಗೆ ಸ್ವಲ್ಪ ಖುಷಿಯಾದದ್ದು ಸುಳ್ಳಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಔಷಧ ಹಿಡಿದು ಅಂಗಡಿಗೆ ಬಂದು ನನ್ನ ಮೇಜಿನೆದುರು ಕೂತಳು. "ಎಲ್ಲಿ ನಿಮ್ಮ ಸುಂದರಿ?"

ಸುಂದರಿ ನನ್ನ ತೊಡೆಯ ಮೇಲಿತ್ತು. ನಾನು ಗಂಭೀರವಾಗಿ ಅದರ ತಲೆ ಸವರಿದೆ, ವಿನಯಾ ನೋಡಲಿ ಎಂದು. ಸುಂದರಿ ಕಣ್ಣು ಬಿಟ್ಟು ಅವಳನ್ನು ನೋಡಿತು. ಮೈ ಮುರಿದು ಕೆಳಗಿಳಿಯಿತು. ಮೇಜು ದಾಟಿ ಹೋಗಿ ವಿನಯಾಳ ಮಡಿಲೇರಿ, ಔಷಧ ಹಾಕಿಸಿಕೊಂಡು, ಅಲ್ಲೇ ನಿದ್ದೆಹೋಯಿತು.

"ಪಾಪ, ಒಳ್ಳೆಯ ಬೆಕ್ಕು," ಎಂದಳು ವಿನಯಾ.

ಈಗಲೂ ಅದು ಪ್ರತಿದಿನ ಮಧ್ಯಾಹ್ನ ಬರುತ್ತದೆ. ಬಾಗಿಲಲ್ಲೇ ನಿಂತು, ಟೀಚರು ಬಂದಿದ್ದಾರಾ ಎಂದು ಒಳಗೆಲ್ಲ ನೋಡಿ, ಹೊರಟುಹೋಗುತ್ತದೆ.