ಟಾಂಗಾದ ಮೇಲಿನ ಸಿನೆಮಾ

ನಮ್ಮ ಸೋದರಮಾವ ಒಂದೇ ಸಿನೆಮಾವನ್ನು ಒಂದೇ ವಾರದಲ್ಲಿ ಮೂರು ಸಿನೆಮಾ ಮಾಡಿದವರು! ಅದಕ್ಕೆ ಬೇಕಾದದ್ದು ಒಂದು ಟಾಂಗಾ, ಒಂದು ತಗಡಿನ ತುತ್ತೂರಿ ಮತ್ತು ಎಂದೂ ಒಡೆಯದ ಗಂಟಲು. ರೋಣದ ಬಯಲಿನಲ್ಲಿ ತಂಬು ಹಾಕಿದ್ದ ಟೂರಿಂಗ್ ಟಾಕೀಸಿಗೆ ಜನರನ್ನು ಕರೆಯುವುದು ಅವರ ಕೆಲಸ. ಹಗಲೆಲ್ಲ ಸುತ್ತಲಿನ ಹಳ್ಳಿಗಳಲ್ಲಿ ಕೂಗುತ್ತ, ಬಣ್ಣದ ಹ್ಯಾಂಡ್‌ಬಿಲ್ ತೂರುತ್ತ ತಿರುಗುವರು. ಸುಳ್ಳು ಹೇಳುತ್ತಿದ್ದರೇ? ಛೆ ಛೆ! ಇದ್ದದ್ದನ್ನೇ ಹೇಳುತ್ತಿದ್ದರು; ಸ್ವಲ್ಪ ಹೆಚ್ಚು ಇದ್ದಂತೆ ಹೇಳುತ್ತಿದ್ದರು, ಅಷ್ಟೆ.

ಊರು ನೋಡಿ ಸಿನೆಮಾ ಬದಲಿಸುವುದು ಅವರ ಪದ್ಧತಿ. ಅಸೂಟಿಯಲ್ಲಿ, "ಎತ್ತಿನ ಓಟ ಐತ್ರೆಪಾ!" ಎಂದು ಕೂಗಿದರು. ಚಿತ್ರದಲ್ಲಿ ನಾಯಕನ ಹಿಂದೆ ಒಂದೇ ಒಂದು ಎತ್ತು ಮೇಯುತ್ತ ಹೋಗುತ್ತಿತ್ತು. ಆಟ ಮುಗಿದ ಮೇಲೆ ಅಸೂಟಿಯ ಗೌಡರು ಮಾವನನ್ನು ಹಿಡಿದು ನಿಲ್ಲಿಸಿದರು.

"ಎತ್ತು ಎಲ್ಲಿ ಓಡಿತ್ರಿ?"

"ನೀವು ತಡಾ ಮಾಡಿ ಬಂದ್ರಿ ಗೌಡ್ರ, ಅದು ಓಡಿ ಹೋತು!"

ಅದೇ ಚಿತ್ರಕ್ಕೆ ಮುಶಿಗೇರಿಯಲ್ಲಿ ಬೇರೆ ರಾಗ: "ಮಳಿ ಐತಿ! ಜಡಿಮಳಿ!" ಮಳೆಗಾಗಿ ಬಾಯಿ ಬಿಡುವ ಊರಿಗೆ ಇನ್ನೇನು ಬೇಕು? ಗಾಡಿ ಕಟ್ಟಿಕೊಂಡು ಬಂದರು. ಅಜ್ಜನೊಬ್ಬ ಕಂಬಳಿ ಹೊದ್ದೇ ಬಂದಿದ್ದ. ಪರದೆಯ ಮೇಲೆ ಮಳೆ ನಿಂತಾಗ ಗದ್ದಲವೋ ಗದ್ದಲ. "ಇನ್ನೊಮ್ಮಿ ಬಿಡ್ರಿ!" ಪಾಪ, ಆಪರೇಟರ್ ರೀಲು ಹಿಂದೆ ಸುತ್ತಿ ಮತ್ತೆ ಮಳೆ ಸುರಿಸಬೇಕಾಯಿತು. ಕಥೆ ಏನಾಯಿತೆಂದು ಕೇಳಿದವರೇ ಇಲ್ಲ!

ಹೆಂಗಸರು ಕೂತಿರುವ ಓಣಿಗಳಲ್ಲಿ ಮಾತ್ರ ದನಿ ತಗ್ಗುತ್ತಿತ್ತು. "ಹುಡುಗಿಗೆ ಜಡ್ಡು ಬರ್ತೈತ್ರೆವ್ವಾ. ಮುಂದ ಏನಾಗ್ತೈತಿ, ಬಂದ ನೋಡ್ರಿ. ಒಂದು ಸೆರಗು ಸಾಲೂದಿಲ್ಲ!"

ಊರನ್ನೆಲ್ಲ ಕರೆದವರು ಸ್ವಂತ ಹೆಂಡತಿಯನ್ನು ಮಾತ್ರ ಕರೆಯುತ್ತಿರಲಿಲ್ಲ. ಅವರ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಅತ್ತೆ ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಮಾವ ಒಲೆಯ ಪಕ್ಕ ಕೂತು ಸಿನೆಮಾ ಹೇಳುತ್ತಿದ್ದರು. ಅವರ ಸಿನೆಮಾದಲ್ಲಿ ಯಾವ ಮಗುವೂ ಸಾಯುತ್ತಿರಲಿಲ್ಲ. ಈ ಚಿತ್ರದ ಹುಡುಗಿಯೂ ಜಡ್ಡಿನಿಂದ ಎದ್ದು ರೊಟ್ಟಿ ಕೇಳಿದ್ದಳು.

"ಹಂಗಾರ ನಾನೂ ಆಕಿನ್ನ ನೋಡ್ತೀನಿ," ಎಂದುಬಿಟ್ಟಳು ಅತ್ತೆ ಒಂದು ದಿನ.

ಮಾವನ ಮುಖ ಬಿಳಿಚಿತು. ಹುಟ್ಟಿದಾಗಿನಿಂದ ಮೊದಲ ಸಲ ಸಿನೆಮಾವನ್ನು ಬೈದರು! "ಭಾಳ ಕೆಟ್ಟ ಚಿತ್ರ! ಮಷಿನ್ನೂ ಕೆಟ್ಟೈತಿ! ತಂಬಿನ್ಯಾಗ ಚೇಳು ಅದಾವ!" ಅತ್ತೆ ಕೇಳಲಿಲ್ಲ. ಸಂಜೆಯ ಆಟಕ್ಕೆ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟೇಬಿಟ್ಟಳು.

ಪರದೆಯ ಮೇಲೆ ಹುಡುಗಿ ಕಣ್ಣು ಮುಚ್ಚಿದಳು. ಸುತ್ತಲಿನ ಹೆಂಗಸರೆಲ್ಲ ಗೊಳೋ ಎಂದರು. ಅತ್ತೆ ಅಳಲಿಲ್ಲ, ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ನನಗೆ ಭಯವಾಯಿತು.

ಹೊರಗೆ ಬಾಗಿಲಲ್ಲಿ ಮಾವ ತಲೆ ತಗ್ಗಿಸಿ ನಿಂತಿದ್ದರು.

"ಈ ಸಿನೆಮಾದವರಿಗೆ ಕಥಿ ಹೇಳಾಕ ಬರೂದಿಲ್ಲರೀ," ಎಂದಳು ಅತ್ತೆ. "ನೀವು ಹೇಳಿದ್ದ ಚಲೋ ಇತ್ತು. ಇನ್ನೊಮ್ಮಿ ಹೇಳ್ರಿ."

ಟಾಂಗಾ ಹೊರಟಿತು. ಮಾವ ಮೆಲ್ಲಗೆ ಶುರು ಮಾಡಿದರು. ಹುಡುಗಿ ಎದ್ದಳು, ರೊಟ್ಟಿ ಕೇಳಿದಳು.

"ಮುಂದ?" ಎಂದಳು ಅತ್ತೆ.

ಮಾವ ಗಂಟಲು ಸರಿಮಾಡಿಕೊಂಡರು. ಹುಡುಗಿ ಶಾಲೆಗೆ ಹೋದಳು, ಎರಡು ಜಡೆ ಹಾಕಿಕೊಂಡಳು, ಅಪ್ಪನ ಜೊತೆ ಜಗಳವಾಡಿದಳು. ಮನೆ ಬಂತು, ಟಾಂಗಾ ನಿಂತಿತು. ಕಥೆಯಲ್ಲಿ ಹುಡುಗಿಗಿನ್ನೂ ಮದುವೆಯಾಗಿರಲಿಲ್ಲ, ಅವರಿಬ್ಬರೂ ಇಳಿಯಲಿಲ್ಲ.