ಮಣೆ ಬೇಡವೆಂದ ಮೋಟಾರು

ಮೋಟಾರನ್ನು ಹೆಂಡತಿಯ ಕಾಲಿನ ಮಟ್ಟಕ್ಕೆ ಇಳಿಸದಿದ್ದರೆ ನನ್ನ ಹೆಸರು ಜಗದೇವಪ್ಪನೇ ಅಲ್ಲ ಎಂದು ಶಹಾಪುರದ ಬಜಾರಿನಲ್ಲಿ ನಿಂತು ಸಾರಿದವನು ನಾನೇ! ಆಗಿನ್ನೂ ನಿಜಾಮರ ರಾಜ್ಯ. ತಾಲೂಕಿನಲ್ಲಿ ಮೋಟಾರು ಕಂಡರೆ ಮಂದಿ ಊಟ ಬಿಟ್ಟು ಓಡಿಬರುತ್ತಿದ್ದರು. ಜಾಗೀರದಾರರೊಬ್ಬರು ಓಡಿಸಿ ಬೇಸತ್ತ ಮೋಟಾರನ್ನು ಕೊಂಡು ನನ್ನ ಹತ್ತಿ ಅಂಗಡಿಯ ಮುಂದೆ ಐರಾವತದಂತೆ ನಿಲ್ಲಿಸಿದ್ದೆ. ಎತ್ತರವೂ ಐರಾವತದ್ದೇ!

ತೊಂದರೆ ಶುರುವಾದದ್ದು ಹೆಂಡತಿ ಭೀಮಾಬಾಯಿ ಹತ್ತಲು ಹೋದಾಗ.

"ಸೆರಗ ಹಿಡೀಲೋ, ಬಾಗಲಾ ಹಿಡೀಲೋ? ಮಂದಿ ನೋಡಾಕತ್ತಾರ. ಕಾಲ ಕೆಳಗ ಒಂದು ಕಟ್ಟಿಗಿ ಮಣಿ ಇಡ್ರಿ, ಸಾಕು."

"ಸಾವುಕಾರ ಜಗದೇವಪ್ಪನ ಹೆಂಡ್ತಿ ಮಣಿ ಮ್ಯಾಲ ನಿಂತು ಮೋಟಾರ ಹತ್ತೂದಾ? ಈ ಮೋಟಾರನ್ನ ನಿನ್ನ ಮುಂದ ಮೊಣಕಾಲ ಊರಸ್ತೀನಿ, ನೋಡ್ತಿರು!"

ಅವಸರಕ್ಕೆ ಕಾರಣವಿತ್ತು. ಶುಕ್ರವಾರ ಸುರಪುರದಲ್ಲಿ ಮಗಳು ಬಸ್ಸಮ್ಮನ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿ. ತವರಿನ ಹಸಿರು ಸೀರೆ, ಬಳೆ ಬಾರದೆ ಅವಳನ್ನು ಮಣೆಯ ಮೇಲೆ ಕೂಡಿಸುವಂತಿಲ್ಲ. ಮಧ್ಯಾಹ್ನ ದಾಟಿದರೆ ಮುಹೂರ್ತವೂ ಇಲ್ಲ, ಬೀಗರ ಮುಂದೆ ಮಗಳಿಗೆ ಮುಖವೂ ಇಲ್ಲ.

ಬಂಡಿ ರಿಪೇರಿ ಮಾಡುವ ಕಮ್ಮಾರ ಉಸ್ಮಾನಸಾಬನನ್ನು ಕರೆಸಿದೆ. ಅವನು ಮೋಟಾರಿನ ಕೆಳಗೆ ತೂರಿ, ಅದನ್ನು ಎತ್ತಿ ಹಿಡಿದಿದ್ದ ಕಮಾನು ಪಟ್ಟಿಗಳನ್ನು ನೋಡಿ ಹೊರಬಂದ.

"ಸಾವುಕಾರ್ರ, ಇಷ್ಟ್ಯಾಕ ಬೇಕ್ರಿ ಪಟ್ಟಿ? ನಮ್ಮ ಬಂಡಿಗಿ ಒಂದೂ ಇಲ್ಲ, ನಡ್ಯಾಂಗಿಲ್ಲೇನು?"

"ಶಾಬಾಸ್! ಕಿತ್ತಿಡು!"

ಗಾಲಿಗೊಂದು ಪಟ್ಟಿ ಉಳಿಸಿ ಮಿಕ್ಕಿದ್ದನ್ನೆಲ್ಲ ಕಿತ್ತಿಟ್ಟ. ಮಡುವಿನಲ್ಲಿ ಎಮ್ಮೆ ಕೂತಂತೆ ಮೋಟಾರು ಕೆಳಗೆ ಕೂತಿತು. ಭೀಮಾಬಾಯಿ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಒಳಗೆ ಕಾಲಿಟ್ಟಳು. ನಾನು ಮೀಸೆ ತಿರುವಿದೆ.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬುಟ್ಟಿ, ಹೋಳಿಗೆ ಬುಟ್ಟಿ, ಕರ್ಚಿಕಾಯಿ ಡಬ್ಬಿ ಏರಿದವು. ಮೋಟಾರು ಇನ್ನಷ್ಟು ಇಳಿಯಿತು! ಆದರೂ ನಡೆಯಿತು. ಸುರಪುರದ ಗುಡ್ಡ ಕಂಡಿತು ಎನ್ನುವಷ್ಟರಲ್ಲಿ ರಸ್ತೆಯ ನಡುವಿನ ಕಲ್ಲೊಂದು ಅದರ ಹೊಟ್ಟೆಗೆ ಬಡಿಯಿತು. ದಡ್! ಬಗ್ಗಿ ನೋಡಿದರೆ ಮುಂದಿನ ಗಾಲಿಗಳನ್ನು ಜೋಡಿಸುವ ಸರಳು ಸೊಟ್ಟಗಾಗಿದೆ. ಬಲಗಾಲಿ ಸುರಪುರ ನೋಡುತ್ತಿದೆ, ಎಡಗಾಲಿ ಯಾದಗಿರಿ! ಹೊರಡಿಸಿದೆ. ಎಡಕ್ಕೆ ಎಳೆದು ಸೀದಾ ಜೋಳದ ಹೊಲಕ್ಕೆ ನುಗ್ಗಿತು. ಹೇಗೋ ಹಿಂದೆ ಸರಿಸಿ ರಸ್ತೆಗೆ ತಂದೆ.

ನಾನು ಬಂಡಿ ಹೊಡೆದು ಬೆಳೆದವನು. ಬಂಡಿ ಒಂದು ಕಡೆ ವಾಲಿದರೆ ಭಾರವನ್ನು ಇನ್ನೊಂದು ಕಡೆ ಸರಿಸುತ್ತೇವೆ. ಮೋಟಾರಿಗೇನು ಕೋಡಿದೆಯೇ?

"ಭೀಮಾ, ಬಲಕ್ಕ ಸರಿ. ಬುಟ್ಟಿ ಎಲ್ಲಾ ತೊಡಿ ಮ್ಯಾಲ ಇಟ್ಕೋ."

"ನಾ ನಿಮ್ಮ ಹೆಂಡ್ತಿನೋ, ಹತ್ತಿ ಚೀಲಾನೋ?"

"ಮಗಳ ಸಲುವಾಗಿ!"

ಹಿಂದಿನ ಸೀಟಿನಲ್ಲಿ ಸರಿದಳು. ಮೋಟಾರಿನ ಬಲಭಾಗ ಪೂರಾ ಕುಸಿಯಿತು. ಮೇಲಿನ ತಗಡು ಗಾಲಿಯ ಮೇಲೆ ಕೂತು ತಿಕ್ಕತೊಡಗಿತು.

"ರೀ, ಹೋಳಿಗಿ ಹೊತ್ತಿದಾಂಗ ವಾಸನಿ ಬರಾಕತ್ತದ."

"ಹೋಳಿಗಿ ಅಲ್ಲ, ಗಾಲಿ!"

ಹೊಗೆಯೆದ್ದು ಮೋಟಾರು ನಿಂತೇಬಿಟ್ಟಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಭೀಮಾಬಾಯಿ ಬೈಯಲಿಲ್ಲ, ಮಗಳ ಹಸಿರು ಸೀರೆಯಿದ್ದ ಗಂಟನ್ನು ಎದೆಗವಚಿಕೊಂಡು ಕಣ್ಣೀರು ತಂದುಕೊಂಡಳು.

"ಬಸ್ಸಿ ಬಾಗಲದಾಗ ನಿಂತು ದಾರಿ ನೋಡಾಕತ್ತಿರ್ತಾಳ್ರೀ..."

ಪಕ್ಕದ ಹೊಲದಲ್ಲಿ ಎತ್ತು ಹೂಡಿದ್ದ ಅಂಬಣ್ಣನ ಮುಂದೆ ಹೋಗಿ ಕೈಮುಗಿದೆ. ಅವನು ಎತ್ತುಗಳನ್ನು ತಂದು ಮೋಟಾರಿಗೆ ಕಟ್ಟಿದ. ನನ್ನ ಐರಾವತ ಸುರಪುರವನ್ನು ಪ್ರವೇಶಿಸಿದ್ದು ಎತ್ತುಗಳ ಬಾಲ ಹಿಡಿದು!

ಸದ್ಯ, ಮುಹೂರ್ತ ಇನ್ನೂ ಇತ್ತು. ಭೀಮಾಬಾಯಿ ಗಂಟು ಹಿಡಿದು ರಾಣಿಯಂತೆ ಇಳಿದು ಹೋದಳು. ನಾನೂ ಇಳಿಯಹೋದೆ. ಆಗಲಿಲ್ಲ! ಸೀಟು ನೆಲದ ಮಟ್ಟಕ್ಕೆ, ಮೊಣಕಾಲು ಗದ್ದದ ಮಟ್ಟಕ್ಕೆ, ನಡುವೆ ನನ್ನ ಹೊಟ್ಟೆ. ಕಡೆಗೆ ಭೀಮಾಬಾಯಿ ತಿರುಗಿ ಬಂದು ಒಂದು ರಟ್ಟೆ ಹಿಡಿದಳು, ಬೀಗಿತಿ ಪಾರ್ವತೆಮ್ಮ ಇನ್ನೊಂದು. "ಸಾವಕಾಶ... ಹುಂ, ಏಳ್ರಿ!" ಮೊದಲು ಹೊಟ್ಟೆ ಹೊರಬಂತು, ಹಿಂದಿನಿಂದ ನಾನು. ಬಾಗಿಲಲ್ಲಿ ನಿಂತ ಮಗಳು ತನ್ನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಪಾರ್ವತೆಮ್ಮ ಒಳಗೆ ಕೂಗಿ ಹೇಳಿದಳು: "ಏ, ಇನ್ನೊಂದು ಮಣಿ ಹಾಕ್ರೇ! ಇಲ್ಲೊಬ್ರು ದಿನಾ ತುಂಬಿದವ್ರು ಬಂದಾರ!"

ಭೀಮಾಬಾಯಿ ಸೆರಗು ಸರಿಪಡಿಸಿಕೊಂಡಳು.

"ಮಣಿ ನಾ ಅವತ್ತ ಕೇಳಿದ್ದೆರಿ ಅಕ್ಕಾ. ಇವರೇ ಬ್ಯಾಡ ಅಂದ್ರು."